ಊರು ಕೇಳಿಸಿತು, ಯಾವ ಊರು ಅಂತ ಕೇಳಿಸಲಿಲ್ಲ

ಕಳೆದ ಕಾಫಿ ಕೊಯ್ಲಿನ ಹೊತ್ತಿನ ಮಾತು. ಬಾಳೂರು ಕಡೆ ಸುದ್ದಿಗೆಂದು ಹೋದವನು ವಾಪಸು ಹೊರಟಿದ್ದೆ. ಸಂಜೆ ಆರೂವರೆ ಆಗಿತ್ತು. ತೋಟದ ಕೆಲಸ ಮುಗಿಸಿದ ಐದಾರು ಹೆಂಗಸರು ಲೈನ್ ಮನೆಗೆ ಇಳಿಯುವ ಕಾಲುದಾರಿಯ ಹತ್ತಿರ ನಿಂತಿದ್ದರು. ಮೇಲಿನ ರಸ್ತೆಯಲ್ಲಿ ಹಾರ್ನ್ ಕಟ್ಟಿಕೊಂಡ ಜೀಪೊಂದು ಹೋಯಿತು. ಒಳಗೆ ಯಾರೋ ಮೈಕ್ ಹಿಡಿದು ಹೇಳುತ್ತಿದ್ದರು. ನಮ್ಮ ಕಿವಿಗೆ ಬಿದ್ದದ್ದು ಇಷ್ಟು: "ಆರ್ವಜನಿಕರ ಗಮನ... ಆಆ...ಊರು... ಓಟದಲ್ಲಿ ಆನೆ... ಯಾರೂ ಒಂಟಿ..." ಅಷ್ಟರಲ್ಲಿ ಜೀಪು ತಿರುವು ದಾಟಿತು.

"ಬಾಳೂರು ಅಂದ್ರಾ, ಆಲ್ದೂರು ಅಂದ್ರಾ?" ಒಬ್ಬರು ಕೇಳಿದರು. ಆಲ್ದೂರಾದರೆ ದೂರ, ಬಾಳೂರಾದರೆ ಮನೆ ಬಾಗಿಲು. "ಆಲ್ದೂರಿನ ಆನೆ ವಿಷಯ ಇಲ್ಲಿ ಬಂದು ಯಾಕೆ ಹೇಳ್ತಾರೆ?" ಅಂತ ಇನ್ನೊಬ್ಬರು. "ಜೀಪು ಆ ಕಡೆಯಿಂದ್ಲೇ ಹೇಳ್ತಾ ಬಂದಿರ್ಬೋದಲ್ಲ" ಅಂತ ಮತ್ತೊಬ್ಬರು. ಕೊನೆಗೆ ವಯಸ್ಸಾದವರೊಬ್ಬರು ಬುಟ್ಟಿ ಎತ್ತಿಕೊಂಡು ಹೇಳಿದರು: "ಆನೆ ಇರೋದಂತೂ ಹೌದಂತೆ. ಎಲ್ಲಿದೆ ಅಂತ ಆನೇನೇ ಕೇಳ್ಬೇಕು."

ಎಲ್ಲರೂ ನಕ್ಕರು. ನಗುತ್ತಲೇ ಕಾಲುದಾರಿ ಇಳಿದರು. ಗೊತ್ತಾಗಿದ್ದರೆ ರಸ್ತೆಯ ಮೇಲೆ ಸುತ್ತಿ ಹೋಗಬಹುದಿತ್ತು. ಅವತ್ತು ಏನೂ ಆಗಲಿಲ್ಲ. ಅದು ಅವರ ಪುಣ್ಯ, ಹಾರ್ನಿನ ಪುಣ್ಯ ಅಲ್ಲ.

ಆ ಜೀಪು ಯಾರದು ಅಂತ ಇಲ್ಲಿ ಬರೆಯುವುದಿಲ್ಲ. ಹೇಳುತ್ತಿದ್ದ ಹುಡುಗನ ತಪ್ಪೂ ಅಲ್ಲ, ಅವನು ಗಂಟಲು ಹರಿಯುವಂತೆ ಕೂಗುತ್ತಿದ್ದ. ನನ್ನ ಜಗಳ ಇರುವುದು ಆ ಹಾರ್ನನ್ನು ಆ ಸ್ಥಿತಿಯಲ್ಲಿ ಇಟ್ಟುಕೊಂಡ ನಮ್ಮೆಲ್ಲರ ಮೇಲೆ. ಅಂಥ ಹಾರ್ನ್ ಪಂಚಾಯಿತಿಯಲ್ಲಿದೆ, ದೇವಸ್ಥಾನದಲ್ಲಿದೆ, ಶಾಲೆಯ ಅಟ್ಟದಲ್ಲಿದೆ, ಮೈಕ್‌ಸೆಟ್ ಅಂಗಡಿಯ ಮೂಲೆಯಲ್ಲಿದೆ. ಮೂವತ್ತು ವರ್ಷದ ಹಿಂದೆ ತಂದದ್ದು, ಅವತ್ತಿನಿಂದ ಒಂದು ಸ್ಕ್ರೂ ಬಿಗಿ ಮಾಡಿಲ್ಲ.

ಎರಡು ಬಗೆಯ ಜಾಣರು

ಹಾರ್ನ್ ವಿಷಯ ಎತ್ತಿದರೆ ನಮ್ಮಲ್ಲಿ ಎರಡು ಬಗೆಯ ಜಾಣರು ಸಿಗುತ್ತಾರೆ.

ಮೊದಲನೆಯವರು, "ಅದೆಲ್ಲ ಹಳೇ ಕಾಲದ್ದು ಮಾರಾಯ್ರೇ, ಗುಜರಿಗೆ ಹಾಕಿ, ದೊಡ್ಡ ಬಾಕ್ಸ್ ತನ್ನಿ" ಅನ್ನುವವರು. ಎರಡನೆಯವರು, "ಕೇಳಿಸ್ತಿಲ್ವಾ? ವಾಲ್ಯೂಮ್ ಜಾಸ್ತಿ ಮಾಡಿ" ಅನ್ನುವವರು. ಇಬ್ಬರದ್ದೂ ತಪ್ಪು. ಎರಡನೆಯವರದ್ದು ಅಪಾಯದ ತಪ್ಪು. ಕನ್ನಡಕದ ಗಾಜು ಮಸುಕಾಗಿದ್ದರೆ ಒರೆಸುತ್ತೇವೆ, ಮನೆಯ ಬಲ್ಬ್ ದೊಡ್ಡದು ಮಾಡುವುದಿಲ್ಲ. ಹಾರ್ನಿಗೆ ಮಾತ್ರ ನಾವು ಬಲ್ಬ್ ದೊಡ್ಡದು ಮಾಡುತ್ತಲೇ ಬಂದಿದ್ದೇವೆ.

ಲೆಕ್ಕ ನೋಡಿ. 100 ವ್ಯಾಟಿನ ಆಂಪ್ಲಿಫೈಯರ್ ತೆಗೆದು 200 ವ್ಯಾಟಿನದು ಇಟ್ಟರೆ ಹೆಚ್ಚಾಗುವುದು 3 ಡೆಸಿಬಲ್ ಮಾತ್ರ. ಕಿವಿಗೆ "ಸ್ವಲ್ಪ ಜಾಸ್ತಿ ಆಯ್ತೇನೋ" ಅನ್ನಿಸುವಷ್ಟು. ಆದರೆ ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. ಗದ್ದಲ ಹೆಚ್ಚಿಸಿ ದೂರ ಗೆಲ್ಲುತ್ತೇವೆ ಅನ್ನುವುದು ಸೋಲುವ ಆಟ. ಮಾತು ಸ್ಪಷ್ಟ ಮಾಡುವುದೊಂದೇ ದಾರಿ.

ಬಣ್ಣ ಕಟ್ಟುವ ಕೊಳವೆ

ಮಾತಿಗೆ ಬಣ್ಣ ಕಟ್ಟಿ ಹೇಳುವವರನ್ನು ನಾವು ನಂಬುವುದಿಲ್ಲ. ಹಳೆಯ ಹಾರ್ನ್ ಮಾಡುವುದೂ ಅದೇ ಕೆಲಸ. ಒಳಗೆ ಹೋದ ಮಾತು ಬೇರೆ, ಹೊರಗೆ ಬಂದ ಮಾತು ಬೇರೆ. ಮೂಗಿನಲ್ಲಿ ಮಾತಾಡಿದ ಹಾಗೆ, ಡಬ್ಬದೊಳಗೆ ತಲೆ ಹಾಕಿ ಕೂಗಿದ ಹಾಗೆ. ನಡುವಿನ ಕೆಲವು ಸ್ವರಗಳನ್ನು ಅದು ಎತ್ತಿ ಎತ್ತಿ ಹೇಳುತ್ತದೆ, ಉಳಿದವನ್ನು ನುಂಗುತ್ತದೆ.

ಕನ್ನಡದಲ್ಲಿ ಇದರಿಂದ ಆಗುವ ಪೆಟ್ಟು ದೊಡ್ಡದು. ಆ, ಈ, ಊ ಮುಂತಾದ ಸ್ವರಗಳ ಬಲ ಇರುವುದು ಕೆಳಗಿನ ಮತ್ತು ನಡುವಿನ ಕಂಪನದಲ್ಲಿ. ಸ, ಶ, ಚ, ತ, ಪ, ಕ ಮುಂತಾದ ವ್ಯಂಜನಗಳ ಗುರುತು ಹೆಚ್ಚಾಗಿ 2000 ಹರ್ಟ್ಸ್‌ನಿಂದ ಮೇಲೆ, ಅದೂ ಕ್ಷಣಮಾತ್ರ. ಹಾರ್ನಿನ ತಗಡು ಒಂದು ಸ್ವರಕ್ಕೆ ಗುಂಯ್ ಅನ್ನುತ್ತಾ ಉಳಿದರೆ ಆ ಗುಂಯ್‌ಗುಡುವಿಕೆಯ ಅಡಿಯಲ್ಲಿ ಮುಂದಿನ ವ್ಯಂಜನ ಹೂತುಹೋಗುತ್ತದೆ. ಈಗ ನಮ್ಮ ಊರಿನ ಹೆಸರುಗಳನ್ನು ನೋಡಿ: ಬಾಳೂರು, ಆಲ್ದೂರು, ಕುಂದೂರು, ತೋಟದೂರು. ಬಾಲದಲ್ಲಿ ಎಲ್ಲವೂ ಊರೇ. ಯಾವ ಊರು ಅಂತ ಹೇಳುವುದು ಮುಂದಿನ ವ್ಯಂಜನ. ಹಾರ್ನ್ ನುಂಗುವುದು ಅದನ್ನೇ. ನಮಗೆ ಊರು ಕೇಳಿಸುತ್ತದೆ, ಯಾವ ಊರು ಅಂತ ಕೇಳಿಸುವುದಿಲ್ಲ.

2022ರ ನವೆಂಬರಿನಲ್ಲಿ ಕುಂದೂರಿನ ಹತ್ತಿರದ ಹುಲ್ಲೆಮನೆಯಲ್ಲಿ ಮಹಿಳೆಯೊಬ್ಬರು ಆನೆ ದಾಳಿಗೆ ಬಲಿಯಾದಾಗ ಜನರ ಸಿಟ್ಟು ಶಾಸಕರ ಮೈಮೇಲಿನ ಅಂಗಿ ಹರಿಯುವವರೆಗೆ ಹೋಗಿತ್ತು. 2019ರ ಆಗಸ್ಟಿನ ಮಳೆಯಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ ತೋಟ ಹೋದವು. ಆ ಸಾವು ನೋವು ಹಾರ್ನಿನಿಂದ ಆಯಿತು ಅನ್ನುತ್ತಿಲ್ಲ. ಆದರೆ ಇಂಥ ಊರುಗಳಲ್ಲಿ ಒಂದು ಹೆಸರು ಸರಿಯಾಗಿ ಕೇಳಿಸುವುದು ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಾಗಿಲ್ಲ.

"ಈಗ ವಾಟ್ಸಾಪ್ ಇದೆಯಲ್ಲ?" ಅನ್ನುತ್ತೀರಿ. ಇದೆ. ನೀವು ಇದನ್ನು ಓದುತ್ತಿರುವುದೂ ಫೋನಿನಲ್ಲೇ. ಆದರೆ ಜುಲೈ ತಿಂಗಳಲ್ಲಿ ಕಳಸದ ಆಚೆ ಮೂರು ದಿನ ಕರೆಂಟ್ ಹೋದಾಗ ಟವರ್ ಏನಾಗುತ್ತದೆ ಅಂತ ನಿಮಗೇ ಗೊತ್ತು. ಕೊಯ್ಲಿಗೆ ಬಂದ ಕೂಲಿಯವರ, ಲೈನ್ ಮನೆಯ ಅಜ್ಜಿಯ ನಂಬರ್ ಯಾವ ಗ್ರೂಪಿನಲ್ಲಿದೆ? ಜೀಪಿನ ಬ್ಯಾಟರಿಯ ಮೇಲೆ ನಡೆಯುವ ಹಾರ್ನ್ ಒಂದೇ ಅವರಿಗಿರುವ ಸುದ್ದಿ.

ಹಾರ್ನ್ ಬೈಸಿಕೊಳ್ಳುವಷ್ಟು ಕೆಟ್ಟದ್ದಲ್ಲ

ಗುಜರಿಗೆ ಹಾಕಿ ಅನ್ನುವವರಿಗೆ ಇಷ್ಟು ಹೇಳಬೇಕು. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಸಾಮಾನ್ಯ ಬಾಕ್ಸ್ ಸ್ಪೀಕರ್ 90 ಡೆಸಿಬಲ್ ಆಸುಪಾಸು ಕೊಡುತ್ತದೆ. ಒಳ್ಳೆಯ ಹಾರ್ನ್ 105ರ ಮೇಲೆ ಕೊಡುತ್ತದೆ. 10 ಡೆಸಿಬಲ್ ವ್ಯತ್ಯಾಸ ಅಂದರೇ ಹತ್ತು ಪಟ್ಟು ವ್ಯಾಟ್. ಹಾಗಾಗಿ ಹಾರ್ನ್ 12 ವೋಲ್ಟ್ ಬ್ಯಾಟರಿಯಲ್ಲಿ ಊರಿಗೆ ಕೇಳಿಸುತ್ತದೆ, ಬಾಕ್ಸಿಗೆ ಜನರೇಟರ್ ಬೇಕು. ಹಾರ್ನ್ ಮಳೆಗೆ ನೆನೆದರೂ ಬದುಕುತ್ತದೆ, ಬಾಕ್ಸ್ ಒಂದು ಮಲೆನಾಡಿನ ಮಳೆಗಾಲಕ್ಕೆ ಉಬ್ಬಿ ಬಿರಿಯುತ್ತದೆ.

1915ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆನ್ಸನ್, ಪ್ರಿಡಮ್ ಅನ್ನುವ ಇಬ್ಬರು ಧ್ವನಿವರ್ಧಕವನ್ನು ಜನರೆದುರು ತಂದಾಗ ಅದಕ್ಕೆ ಜೋಡಿಸಿದ್ದು ಗ್ರಾಮಫೋನಿನ ಕೊಂಬು. 1926ರಲ್ಲಿ ಬೆಲ್ ಪ್ರಯೋಗಾಲಯದ ವೆಂಟೆ, ಥುರಾಸ್ ರೂಪಿಸಿದ ಹಾರ್ನ್ ಯೂನಿಟ್ ಮಾತಾಡುವ ಸಿನಿಮಾಕ್ಕೆ ದನಿ ಕೊಟ್ಟಿತು. ಆ ಕಾಲದ ಸಿನಿಮಾ ಹಾರ್ನ್‌ಗಳನ್ನು ಇವತ್ತು ಜಪಾನ್, ಯುರೋಪಿನ ಸಂಗೀತಪ್ರಿಯರು ಹುಡುಕಿ, ಭಾರೀ ದುಡ್ಡು ಕೊಟ್ಟು ಮನೆಗೆ ತರುತ್ತಾರೆ. ತಂದವರು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ತಗಡಿನ ಗುಂಯ್‌ಗುಡುವಿಕೆ ನಿಲ್ಲಿಸುವುದು. ಅವರು ವೀಣೆ, ಪಿಟೀಲು ಕೇಳಲು ಮಾಡುವ ರಿಪೇರಿಯನ್ನು ನಾವು ಜೀವ ಉಳಿಸಲು ಮಾಡಿಕೊಳ್ಳಲಾರೆವೇ?

ರಿಪೇರಿ ಏನು?

ನಮ್ಮ ಕಡೆಯ ಹಿರಿಯ ಮೈಕ್‌ಸೆಟ್ಟಿನವರೊಬ್ಬರ ಜೊತೆ ಕೂತು, ಅಟ್ಟದಲ್ಲಿ ಬಿದ್ದಿದ್ದ ಒಂದು ಹಾರ್ನ್ ಬಿಚ್ಚಿ ಮಾಡಿ ನೋಡಿದ್ದನ್ನೇ ಬರೆಯುತ್ತಿದ್ದೇನೆ.

ಮೊದಲು ಒಳಗೆ ಟಾರ್ಚ್ ಬಿಡಿ. ನಮ್ಮ ಹಾರ್ನಿನ ಗಂಟಲಲ್ಲಿ ಕುಂಬಾರ ಹುಳದ ಮಣ್ಣಿನ ಗೂಡು ಸಿಕ್ಕಿತು. ಅರ್ಧ ದಾರಿ ಮುಚ್ಚಿತ್ತು. ನಾವು ಬೈಯುತ್ತಿದ್ದದ್ದು ಹಾರ್ನನ್ನು, ತಪ್ಪು ಹುಳದ್ದು. ಈ ಹಾರ್ನಿನ ಒಳದಾರಿ ನೇರ ಅಲ್ಲ. ಸದ್ದು ಮುಂದೆ ಹೋಗಿ, ಹಿಂದೆ ತಿರುಗಿ, ಮತ್ತೆ ಮುಂದೆ ಬರುವ ಮಡಿಕೆ ದಾರಿ. ಎಲ್ಲಿ ಮಣ್ಣು, ಎಲ್ಲಿ ನೆಗ್ಗು, ಅಲ್ಲೆಲ್ಲ ಮಾತು ಎಡವುತ್ತದೆ. ಗೂಡು ತೆಗೆಯಿರಿ. ನೆಗ್ಗಿದ್ದನ್ನು ಮರದ ಸುತ್ತಿಗೆಯಲ್ಲಿ ನಿಧಾನ ಸರಿ ಮಾಡಿ. ಮತ್ತೆ ಹುಳ ಹೋಗದಂತೆ ಬಾಯಿಗೆ ತೆಳು ಸೊಳ್ಳೆ ಜಾಲರಿ ಕಟ್ಟಿ. ಬಟ್ಟೆ ತುರುಕಬೇಡಿ. ಕರ್ಕಶ ಕಡಿಮೆ ಆಗಲಿ ಅಂತ ಹತ್ತಿ, ಬಟ್ಟೆ ತುರುಕುವವರಿದ್ದಾರೆ. ಅದು ಮೊದಲು ಕೊಲ್ಲುವುದು ಸ, ಚ, ತಗಳನ್ನೇ.

ಎರಡು, ಬಿಗಿ ಮಾಡಿ. ಒಳಗಿನ ಗಂಟೆಯಾಕಾರದ ತುಂಡು ಹಿಡಿದಿರುವ ಸ್ಕ್ರೂ, ಹಿಂದಿನ ಯೂನಿಟ್ ಕೂರುವ ಕುತ್ತಿಗೆಯ ಮರೆ, ಕಂಬಕ್ಕೆ ಕಟ್ಟುವ ಕ್ಲಾಂಪ್. ಕುತ್ತಿಗೆಯಲ್ಲಿ ರಬ್ಬರ್ ವಾಷರ್ ಒಣಗಿ ಪುಡಿಯಾಗಿದ್ದರೆ ಹೊಸದು ಹಾಕಿ. ಗಾಳಿ ಸೋರಿದಲ್ಲಿ ಸದ್ದೂ ಸೋರುತ್ತದೆ, ಕರಕರ ಅನ್ನುತ್ತದೆ.

ಮೂರು, ತಗಡಿನ ಬಾಯಿ ಮುಚ್ಚಿಸಿ. ಹಾರ್ನಿನ ಅಂಚನ್ನು ಬೆರಳ ಗೆಣ್ಣಿನಿಂದ ಬಡಿಯಿರಿ. ಠಣ್ ಅಂತ ಗಂಟೆಯಂತೆ ಉಳಿದರೆ ಮಾತಾಡುವಾಗಲೂ ಅದು ಹಾಗೇ ಉಳಿಯುತ್ತದೆ. ಕಾರಿನ ಬಾಗಿಲಿಗೆ ಒಳಗಿನಿಂದ ಅಂಟಿಸುವ ಡಾಂಬರಿನ ಡ್ಯಾಂಪಿಂಗ್ ಶೀಟ್ ಕಾರ್ ಡೆಕೋರ್ ಅಂಗಡಿಯಲ್ಲಿ ಸಿಗುತ್ತದೆ. ತಗಡಿನ ಹೊರಮೈ ಉಜ್ಜಿ, ಒಣಗಿಸಿ, ಪಟ್ಟಿ ಪಟ್ಟಿಯಾಗಿ ಅಂಟಿಸಿ. ಅರ್ಧ ಮೈ ಮುಚ್ಚಿದರೆ ಸಾಕು. ಅಂಚಿಗೆ ಪೇಂಟ್ ಬಳಿಯಿರಿ, ಇಲ್ಲದಿದ್ದರೆ ನಮ್ಮ ಮಳೆ ಅದರಡಿ ನುಗ್ಗುತ್ತದೆ. ತೋಟಕ್ಕೆ ನೀರು ಬಿಡುವ ಹಳೆ ರಬ್ಬರ್ ಪೈಪನ್ನು ಉದ್ದಕ್ಕೆ ಸೀಳಿ ಬಾಯಿಯ ಅಂಚಿಗೆ ಸುತ್ತ ಸಿಕ್ಕಿಸಿ. ಮತ್ತೆ ಬಡಿಯಿರಿ. ಠಣ್ ಹೋಗಿ ಟಪ್ ಅನ್ನಬೇಕು. ಭಾರ ಹೆಚ್ಚುವುದರಿಂದ ಕ್ಲಾಂಪ್ ತಡೆಯುತ್ತದೆಯೇ ನೋಡಿಕೊಳ್ಳಿ.

ನಾಲ್ಕು, ಯೂನಿಟ್ ಬಿಚ್ಚಿ ಡಯಾಫ್ರಂ ನೋಡಿ. ಮಳೆಗಾಲದ ತೇವಕ್ಕೆ ಕಾಯಿಲ್ ಹಸಿರುಗಟ್ಟಿರುತ್ತದೆ. ಹೊಸ ಡಯಾಫ್ರಂ ಹಾಕುವಾಗ ಕಾಯಿಲ್ ನಡುಮಧ್ಯ ಕೂರಬೇಕು. ಒಂದು ಕಡೆ ಉಜ್ಜಿದರೂ ಜನ್ಮಪೂರ್ತಿ ಗೊರಗೊರ. ಮ್ಯಾಗ್ನೆಟ್ ಸಂದಿಯ ಕಬ್ಬಿಣದ ಪುಡಿಯನ್ನು ಅಂಟು ಟೇಪಿನಿಂದ ತೆಗೆಯಿರಿ.

ಐದು, ತಗ್ಗು ಸದ್ದನ್ನು ಬಾಗಿಲಲ್ಲೇ ತಡೆಯಿರಿ. ಇದು ಮುಖ್ಯ. ಹಾರ್ನ್ ಎಷ್ಟು ತಗ್ಗಿನ ಸದ್ದು ಹೊರಬಿಡುತ್ತದೆ ಅನ್ನುವುದಕ್ಕೆ ಸರಳ ಲೆಕ್ಕ ಇದೆ. 20 ಇಂಚಿನ ಬಾಯಿಯ ಸುತ್ತಳತೆ ಸುಮಾರು 1.6 ಮೀಟರ್. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಭಾಗಿಸಿದರೆ 215 ಹರ್ಟ್ಸ್ ಚಿಲ್ಲರೆ. ಅದಕ್ಕಿಂತ ಕೆಳಗಿನದ್ದನ್ನು ಆ ಹಾರ್ನ್ ಹೊರಹಾಕಲಾರದು. ಆದರೂ ನಾವು ಬಾಸ್ ತಿರುಪು ಪೂರ್ತಿ ತಿರುಗಿಸುತ್ತೇವೆ. ಹೊರಗೆ ಬಾಸ್ ಬರುವುದಿಲ್ಲ. ಒಳಗೆ ಡಯಾಫ್ರಂ ತಡೆಯಿಲ್ಲದೆ ಜಿಗಿದಾಡಿ, ಬೇರೆ ಮಾತನ್ನೂ ಕೆಡಿಸಿ, ಕೊನೆಗೆ ಹರಿಯುತ್ತದೆ. 16 ಓಮ್ ಯೂನಿಟ್ ಆದರೆ, ಅದರ ಒಂದು ತಂತಿಗೆ ಸಾಲಾಗಿ 33 ಮೈಕ್ರೋಫ್ಯಾರಡ್, 100 ವೋಲ್ಟಿನ ನಾನ್-ಪೋಲಾರ್ ಕೆಪಾಸಿಟರ್ ಹಾಕಿದರೆ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದ್ದು ಇಳಿಯುತ್ತಾ ಹೋಗುತ್ತದೆ. ಓಮ್ ಎಷ್ಟು ಅಂತ ಯೂನಿಟ್ ಮೇಲೆ ಬರೆದಿರುತ್ತದೆ, ಓದಿ. ಹಳೆಯ ಟೆಲಿಫೋನ್ ಲೈನ್ ಸಾಗಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್ ಮಾತ್ರ. ಅಷ್ಟರಲ್ಲೇ ಬೊಂಬಾಯಿಯ ಮಗನ ದನಿ ಅಮ್ಮನಿಗೆ ಗುರುತು ಸಿಗುತ್ತಿತ್ತು. ಮಾತಿಗೆ ಅಷ್ಟು ಸಾಕು. ಟ್ರಾನ್ಸ್‌ಫಾರ್ಮರ್ ಹಾಕಿದ 100 ವೋಲ್ಟ್ ಲೈನ್ ಇದ್ದರೆ ಮಾತ್ರ ಗೊತ್ತಿಲ್ಲದವರು ಕೈ ಹಾಕಬೇಡಿ, ಶಾಕ್ ಹೊಡೆಯುತ್ತದೆ. ಬಲ್ಲವರನ್ನು ಕರೆಯಿರಿ.

ಆರು, ಮಿಕ್ಸರಿನಲ್ಲಿ ನಡುವಿನ ಸ್ವರ ತಗ್ಗಿಸಿ. ನಡುವಿನ ತಿರುಪುಗಳನ್ನು ಒಂದೊಂದಾಗಿ ಎತ್ತಿ ನೋಡಿ. ಯಾವುದನ್ನು ಎತ್ತಿದಾಗ ಮೂಗಿನ ದನಿ ವಿಕಾರವಾಗುತ್ತದೋ ಅದೇ ಕಳ್ಳ. ಅದನ್ನು 4ರಿಂದ 6 ಡೆಸಿಬಲ್ ಇಳಿಸಿ.

ಇಷ್ಟು ಮಾಡಿದರೆ ಹಾರ್ನ್ ಬಾಕ್ಸ್ ಆಗುವುದಿಲ್ಲ. ಹಾಡಿಗೆ ಅದು ಯಾವತ್ತೂ ಬಡವ. ಆದರೆ ಮಾತು ಮಾತಾಗಿ ಬರುತ್ತದೆ.

ಹಾರ್ನಿನದ್ದಲ್ಲದ ತಪ್ಪು

ಈಗ ಮೈಕ್‌ಸೆಟ್ ಅಣ್ಣಂದಿರ ಹತ್ತಿರ ಒಂದೆರಡು ಮಾತು. ಸಿಟ್ಟು ಮಾಡಿಕೊಳ್ಳಬೇಡಿ.

ಆ ಎಕೋ ಬಟನ್ ಯಾಕೆ ಒತ್ತುತ್ತೀರಿ? "ಹಲೋ ಲೋ ಲೋ, ಮೈಕ್ ಟೆಸ್ಟಿಂಗ್ ಟಿಂಗ್ ಟಿಂಗ್." ನಮಗೆ ಎಕೋ ಕೊಡಲು ದೇವರು ಗುಡ್ಡ ಕೊಟ್ಟಿದ್ದಾನೆ. ಎದುರಿನ ಗುಡ್ಡ 170 ಮೀಟರ್ ದೂರ ಇದ್ದರೆ ನೀವು ಬಿಟ್ಟ ಮಾತು ಒಂದು ಸೆಕೆಂಡಿಗೆ ವಾಪಸು ಬಂದು ಮುಂದಿನ ಮಾತಿನ ಮೇಲೆ ಬೀಳುತ್ತದೆ. ಅಷ್ಟರಲ್ಲಿ ನಾವು ನಾಲ್ಕೈದು ಅಕ್ಷರ ಆಡಿರುತ್ತೇವೆ. ಅದಕ್ಕೆ ಹಾರ್ನನ್ನು ಎದುರು ಗುಡ್ಡಕ್ಕೆ ತಿರುಗಿಸಬೇಡಿ, ಮನೆಗಳ ಕಡೆ ಸ್ವಲ್ಪ ಕೆಳಗೆ ಬಾಗಿಸಿ. ನೂರು ಮೀಟರ್ ಅಂತರದಲ್ಲಿ ಎರಡು ಹಾರ್ನ್ ಅಬ್ಬರಿಸಿದರೆ ಒಂದರ ಬುಡದಲ್ಲಿ ನಿಂತವನಿಗೆ ಇನ್ನೊಂದರ ಮಾತು ಹೆಚ್ಚುಕಡಿಮೆ 0.3 ಸೆಕೆಂಡ್ ತಡವಾಗಿ ಬರುತ್ತದೆ. ಎರಡೂ ಮಾತು ಕೆಡುತ್ತದೆ. ಪ್ರತಿಯೊಂದನ್ನೂ ಅದರ ಹತ್ತಿರದ ಮನೆಗಳಿಗೆ ಸಾಲುವಷ್ಟೇ ತಗ್ಗಿಸಿಡಿ.

ಜೀಪಿನಲ್ಲಿ ಹೇಳುವವರೇ, ನಿಲ್ಲಿಸಿ ಹೇಳಿ. ಇಂಜಿನ್ ಆಫ್ ಮಾಡಿ. ಮೈಕನ್ನು ಬಾಯೊಳಗೆ ಹಾಕಿಕೊಳ್ಳಬೇಡಿ. ಊರಿನ ಹೆಸರು ಮೊದಲು, ಬಿಡಿಸಿ, ಮೂರು ಸಲ. "ಸಾರ್ವಜನಿಕರ ಗಮನಕ್ಕೆ" ಎರಡನೆಯದು.

ಇನ್ನು ಜಾತ್ರೆ, ಗಣಪತಿ ಕಮಿಟಿಯವರು. ಡಿಜೆ ಬಾಕ್ಸಿನ ಒಂದು ರಾತ್ರಿಯ ಬಾಡಿಗೆಯಲ್ಲಿ ಊರಿನ ಹಾರ್ನ್‌ಗಳೆಲ್ಲ ರಿಪೇರಿಯಾಗುತ್ತವೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಯ ಮಾತೇ ಆಟದ ಜೀವ. ಆ ಮಾತಿನ ವ್ಯಂಜನವೇ ಕೇಳಿಸದಿದ್ದರೆ ಯಾರಿಗಾಗಿ ಮಾಡಿಸುತ್ತೀರಿ? ಕರ್ಕಶದ ಬೆಲೆ ಕಲೆಯೂ ತೆತ್ತಿದೆ. 2000ದ ಶಬ್ದ ಮಾಲಿನ್ಯ ನಿಯಮ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನ ಧ್ವನಿವರ್ಧಕ ತಡೆಯುತ್ತದೆ. ಸುಪ್ರೀಂ ಕೋರ್ಟ್ 2005ರ ಜುಲೈನಲ್ಲಿ ಅದನ್ನು ಗಟ್ಟಿಮಾಡಿತು, 2022ರ ಮೇ ತಿಂಗಳಲ್ಲಿ ನಮ್ಮ ಸರ್ಕಾರವೂ ಅದೇ ಆದೇಶ ಹೊರಡಿಸಿತು. ಅದೇ ವರ್ಷ ಕಟೀಲು ಮೇಳ ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದದ್ದು ಈ ನಿಯಮದ ದೆಸೆಯಿಂದ. ಜನ ಕೋರ್ಟಿಗೆ ಹೋದದ್ದು ಭಾಗವತರ ಪದ ಕೇಳಲಾರದೆ ಅಲ್ಲ, ಕಿವಿ ಸೀಳುವ ಗದ್ದಲ ತಡೆಯಲಾರದೆ. ಸ್ಪಷ್ಟವಾದ ಹಾರ್ನನ್ನು ಅರ್ಧ ವಾಲ್ಯೂಮಿನಲ್ಲಿ ಇಡಬಹುದು. ಕೆಟ್ಟ ಹಾರ್ನನ್ನು ಪೂರ್ತಿ ಇಟ್ಟರೂ ಕೇಳಿಸದು. ರಾತ್ರಿಯ ತಡೆಯಿಂದ ಸಾರ್ವಜನಿಕ ತುರ್ತು ಪರಿಸ್ಥಿತಿಗೆ ನಿಯಮದಲ್ಲೇ ವಿನಾಯಿತಿ ಇದೆ. ಕಾನೂನು ಮಾತಾಡಲು ಬಿಟ್ಟಿರುವ ಹೊತ್ತಿನಲ್ಲೂ ನಮ್ಮ ಹಾರ್ನ್ ತೊದಲಬೇಕೇ?

ಹತ್ತು ಊರಿನ ಪರೀಕ್ಷೆ

ನನ್ನ ಮಾತು ನಂಬಬೇಡಿ. ನಿಮ್ಮೂರಲ್ಲೇ ಒಂದು ಸಂಜೆ ಮಾಡಿ ನೋಡಿ. ಹತ್ತು ಊರಿನ ಹೆಸರು ಚೀಟಿಯಲ್ಲಿ ಬರೆದು, ಹಿಂದುಮುಂದು ಮಾಡಿ ಒಬ್ಬರು ಮೈಕಿನಲ್ಲಿ ಓದಲಿ. ಇನ್ನೂರು ಹೆಜ್ಜೆ ದೂರದಲ್ಲಿ ಶಾಲೆಯ ನಾಲ್ಕು ಮಕ್ಕಳು, ಇಬ್ಬರು ಅಜ್ಜಿಯರು ನಿಂತು ಕೇಳಿಸಿದ್ದನ್ನು ಹೇಳಲಿ, ಒಬ್ಬರು ಬರೆದುಕೊಳ್ಳಲಿ. ಡಿಪ್ಲೊಮಾ ಬೇಡ, ಮೀಟರ್ ಬೇಡ. ನಾವು ಮಾಡಿದಾಗ ರಿಪೇರಿಗೆ ಮೊದಲು ಅರ್ಧದಷ್ಟು ಹೆಸರು ತಪ್ಪಿದವು. ಆಮೇಲೆ ವಾಲ್ಯೂಮ್ ಇಳಿಸಿಯೂ ಎರಡೇ ತಪ್ಪಿದವು. ಒಂದು ಹಾರ್ನ್, ಒಂದು ಸಂಜೆ. ಇದನ್ನು ಸಂಶೋಧನೆ ಅನ್ನುವುದಿಲ್ಲ. ಆದರೆ ಆ ಅಜ್ಜಿ "ಈಗ ಹೇಳಿದ್ದು ಕುಂದೂರು" ಅಂತ ಬೆರಳೆತ್ತಿದಾಗ ನಮಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಗ್ರಾಮಸಭೆಯಲ್ಲಿ ಇದನ್ನು ಕೇಳಿ. ಮಳೆಗಾಲಕ್ಕೆ ಮೊದಲು ಒಂದು ಸಲ, ಕೊಯ್ಲಿಗೆ ಮೊದಲು ಒಂದು ಸಲ, ಊರಿನ ಪ್ರತಿ ಹಾರ್ನಿಗೂ ಹತ್ತು ಊರಿನ ಪರೀಕ್ಷೆ ಆಗಲಿ. ಹತ್ತರಲ್ಲಿ ಎಂಟು ಬಾರದ ಹಾರ್ನ್ ಜೀಪಿನ ಮೇಲೆ ಏರಬಾರದು. ಮೈಕ್‌ಸೆಟ್ ಬಾಡಿಗೆಗೆ ಹಿಡಿಯುವ ಕಮಿಟಿಯವರು "ಎಷ್ಟು ಬಾಕ್ಸ್" ಅಂತ ಕೇಳುವ ಮೊದಲು "ಹತ್ತರಲ್ಲಿ ಎಷ್ಟು" ಅಂತ ಕೇಳಿ.

ಅಟ್ಟದ ಮೇಲಿನ ಹಾರ್ನನ್ನು ಈ ಭಾನುವಾರ ಕೆಳಗಿಳಿಸಿ. ಮೊದಲು ಹುಳದ ಗೂಡು ತೆಗೆಯಿರಿ. ಮುಂದಿನ ಸಲ ಆ ಕಾಲುದಾರಿಯ ಹತ್ತಿರ ನಿಂತ ಹೆಂಗಸರು ಆನೆ ಎಲ್ಲಿದೆ ಅಂತ ಆನೆಯನ್ನೇ ಕೇಳುವ ಹಾಗೆ ಆಗಬಾರದು.